ದೂರು ಕೊಟ್ಟವರಿಗೆ ಶಿಕ್ಷೆಯಿಲ್ಲ ಎಂದು ಬರೆದುಕೊಡಿ: ಮಲೆನಾಡಿನ ಕಾಲೇಜುಗಳ ಮುಖ್ಯಸ್ಥರಿಗೆ ಒಂದು ಬಹಿರಂಗ ಪತ್ರ

ಕುವೆಂಪು ವಿಶ್ವವಿದ್ಯಾಲಯದ ಮಾನ್ಯ ಕುಲಪತಿಗಳಿಗೆ, ಶಿವಮೊಗ್ಗ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಪದವಿ, ಎಂಜಿನಿಯರಿಂಗ್, ವೈದ್ಯಕೀಯ ಹಾಗೂ ಕೃಷಿ ಕಾಲೇಜುಗಳ ಮುಖ್ಯಸ್ಥರಿಗೆ, ವಿದ್ಯಾರ್ಥಿ ನಿಲಯಗಳನ್ನು ನಡೆಸುವ ಇಲಾಖೆಗಳ ಅಧಿಕಾರಿಗಳಿಗೆ,

ಮಾನ್ಯರೇ,

ಈ ಪತ್ರದ ಮೂಲಕ ನಾನು ನಿಮ್ಮಲ್ಲಿ ಕೇಳುತ್ತಿರುವುದು ಒಂದು ಪುಟದ ಆದೇಶವನ್ನು. ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ವಿದ್ಯಾರ್ಥಿನಿ ದೂರು ಕೊಡಲು ಬಂದಾಗ, ಆ ರಾತ್ರಿ ಆಕೆ ಮದ್ಯ ಸೇವಿಸಿದ್ದಳು, ಹಾಸ್ಟೆಲಿನ ಸಮಯ ಮೀರಿ ಹೊರಗಿದ್ದಳು, ಅನುಮತಿಯಿಲ್ಲದೆ ಪ್ರವಾಸ ಹೋಗಿದ್ದಳು ಎಂಬ ಕಾರಣಗಳಿಗಾಗಿ ಆಕೆಯ ಮೇಲೆ ಯಾವ ಶಿಸ್ತುಕ್ರಮವನ್ನೂ ಕೈಗೊಳ್ಳುವುದಿಲ್ಲ ಎಂದು ನಿಮ್ಮ ಸಂಸ್ಥೆಗಳು ಬರವಣಿಗೆಯಲ್ಲಿ ಮಾತು ಕೊಡಬೇಕು. ಆಕೆಯನ್ನು ಆಸ್ಪತ್ರೆಗೆ ಕರೆದೊಯ್ದ ಗೆಳತಿಗೆ, ಕಂಡದ್ದನ್ನು ಸಮಿತಿಯ ಮುಂದೆ ಹೇಳಿದ ಸಹಪಾಠಿಗೆ ಕೂಡ ಅದೇ ರಕ್ಷಣೆ ಸಿಗಬೇಕು. ಇದಕ್ಕೆ ಅನುದಾನ ಬೇಕಿಲ್ಲ, ಹೊಸ ಕಟ್ಟಡ ಬೇಕಿಲ್ಲ, ಸರ್ಕಾರದ ಮಂಜೂರಾತಿಗೆ ಕಾಯಬೇಕಾದ್ದೂ ಇಲ್ಲ.

ನಾನು ಮಲೆನಾಡಿನ ಕಾಲೇಜೊಂದರಲ್ಲಿ ಲೈಂಗಿಕ ಕಿರುಕುಳದ ದೂರುಗಳನ್ನು ವಿಚಾರಿಸುವ ಆಂತರಿಕ ದೂರು ಸಮಿತಿಯಲ್ಲಿ ಹೊರಗಿನ ಸದಸ್ಯೆಯಾಗಿ ಕೂರುವವಳು. ಮಹಿಳೆಯರಿಗೆ ಕಾನೂನಿನ ತಿಳಿವಳಿಕೆ ಕೊಡುವ ಕೆಲಸದಲ್ಲಿ ಬಹಳ ವರ್ಷ ಕಳೆದವಳಾದ್ದರಿಂದ ಆ ಜಾಗಕ್ಕೆ ನನ್ನನ್ನು ಕರೆದರು. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ ದೂರಿನ ವಿವರವನ್ನು ಹೊರಗೆ ಹೇಳುವಂತಿಲ್ಲ, ಹೇಳಲೂಬಾರದು. ಆದ್ದರಿಂದ ಇಲ್ಲಿ ಯಾವ ಪ್ರಕರಣದ ಕಥೆಯೂ ಇಲ್ಲ, ಯಾವ ಕಾಲೇಜಿನ ಹೆಸರೂ ಇಲ್ಲ. ಬೇರೆ ಬೇರೆ ಊರುಗಳ ಸಮಿತಿಗಳಲ್ಲಿರುವ ಸ್ನೇಹಿತೆಯರು, ವಾರ್ಡನ್‌ಗಳು, ಎಲ್ಲಕ್ಕಿಂತ ಹೆಚ್ಚಾಗಿ ದೂರು ಕೊಡದೆಯೇ ಓದು ಮುಗಿಸಿ ಹೋದ ಹುಡುಗಿಯರು ಹೇಳಿದ್ದರಲ್ಲಿ ಮತ್ತೆ ಮತ್ತೆ ಕೇಳಿಬಂದದ್ದನ್ನಷ್ಟೇ ಬರೆಯುತ್ತಿದ್ದೇನೆ.

ಮದ್ಯ, ಪಾರ್ಟಿ ಎಂದೊಡನೆ ಇದು ಬೆಂಗಳೂರಿನ ಸಮಸ್ಯೆ ಎನ್ನುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಅಲ್ಲಿ ಪಬ್ಬಿನಲ್ಲಿ ನಡೆಯುವುದು ಇಲ್ಲಿ ಹೋಮ್‌ಸ್ಟೇಯಲ್ಲಿ, ಯಾರದೋ ಖಾಲಿ ತೋಟದ ಮನೆಯಲ್ಲಿ ನಡೆಯುತ್ತದೆ. ಅಂತಿಮ ವರ್ಷದವರ ಬೀಳ್ಕೊಡುಗೆ ಕಾಲೇಜಿನ ಸಭಾಂಗಣದಲ್ಲಿ ಭಾಷಣ, ನೆನಪಿನ ಕಾಣಿಕೆ, ಫೋಟೊಗಳೊಂದಿಗೆ ಮಧ್ಯಾಹ್ನಕ್ಕೆ ಮುಗಿಯುತ್ತದೆ. ಇನ್ನೊಂದು ಸೆಂಡ್‌ಆಫ್ ಅದೇ ಸಂಜೆ ತೀರ್ಥಹಳ್ಳಿ, ಆಗುಂಬೆ, ಕೊಪ್ಪ ಅಥವಾ ಸಾಗರದ ಕಡೆ, ಮುಖ್ಯರಸ್ತೆಯಿಂದ ಒಳಗೆ ಮಣ್ಣುದಾರಿಯಲ್ಲಿ ಹೋಗಬೇಕಾದ ಮನೆಯೊಂದರಲ್ಲಿ ಶುರುವಾಗುತ್ತದೆ. ತಲೆಗಿಷ್ಟು ಎಂದು ದುಡ್ಡು ಸೇರಿಸಿ, ಒಂದು ಟಿಟಿ ಬಾಡಿಗೆಗೆ ಹಿಡಿದು ಹೊರಡುತ್ತಾರೆ. ಎರಡು ಲೀಟರಿನ ತಂಪು ಪಾನೀಯದ ಬಾಟಲಿಗೆ ಮದ್ಯವನ್ನು ಮೊದಲೇ ಬೆರೆಸಿ ತಂದಿರುತ್ತಾರೆ. ಎಷ್ಟು ಬೆರೆತಿದೆ ಎಂಬುದು ಬೆರೆಸಿದವನಿಗೆ ಮಾತ್ರ ಗೊತ್ತು. ಕುಡಿಯುವ ಅಭ್ಯಾಸವೇ ಇಲ್ಲದ ಹುಡುಗಿ ಕೂಡ ಬಾಯಾರಿಕೆಗೆಂದು ಅದೇ ಬಾಟಲಿಯಿಂದ ಲೋಟಕ್ಕೆ ಬಗ್ಗಿಸಿಕೊಳ್ಳುತ್ತಾಳೆ, ರುಚಿ ಕಹಿಯೆನಿಸಿದರೂ ಎಲ್ಲರ ಮುಂದೆ ಬೇಡ ಎನ್ನಲು ಸಂಕೋಚಪಟ್ಟು ಮುಗಿಸುತ್ತಾಳೆ. ಮಳೆ ಹಿಡಿದರೆ ಕರೆಂಟ್ ಹೋಗುತ್ತದೆ. ಫೋನಿಗೆ ಸಿಗ್ನಲ್ ಬೇಕಿದ್ದರೆ ಮನೆಯ ಹಿಂದಿನ ಗುಡ್ಡ ಹತ್ತಬೇಕು. ತುರ್ತಿಗೆ 112, ಮಹಿಳಾ ಸಹಾಯವಾಣಿ 181 ಎಂದು ನಾವು ಕಾಲೇಜುಗಳಲ್ಲಿ ಬೋರ್ಡು ಹಾಕಿಸಿದ್ದೇವೆ. ಆ ಎರಡೂ ಸಂಖ್ಯೆಗಳು ಕೆಲಸಕ್ಕೆ ಬಾರದ ಜಾಗಗಳಿಗೇ ನಮ್ಮ ಮಕ್ಕಳು ಹೋಗುತ್ತಿದ್ದಾರೆ.

ದೌರ್ಜನ್ಯ ಎಸಗುವವನು ಕತ್ತಲಿನಿಂದ ಹಾರಿ ಬಂದ ಅಪರಿಚಿತನಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ವರ್ಷವರ್ಷವೂ ಹೊರತರುವ ಅಂಕಿಅಂಶಗಳಲ್ಲಿ, ಅತ್ಯಾಚಾರದ ಪ್ರಕರಣಗಳ ಪೈಕಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚಿನವುಗಳಲ್ಲಿ ಆರೋಪಿ ಆಕೆಗೆ ಮೊದಲೇ ಗೊತ್ತಿದ್ದವನು. ಕ್ಯಾಂಪಸ್ಸಿನ ಮಟ್ಟಿಗೆ ಹೇಳುವುದಾದರೆ ಅವನು ನೋಟ್ಸ್ ಕೊಟ್ಟ ಸೀನಿಯರ್, ಬೈಕಿನಲ್ಲಿ ಹಾಸ್ಟೆಲಿಗೆ ಬಿಟ್ಟುಬಂದ ಸಹಪಾಠಿ, ಪಕ್ಕದೂರಿನ ಪರಿಚಯದವರ ಮಗ.

ಮರುದಿನ ಬೆಳಿಗ್ಗೆ ಆಕೆಯ ಕಣ್ಣ ಮುಂದೆ ಬರುವುದು ಭಾರತೀಯ ನ್ಯಾಯ ಸಂಹಿತೆಯಲ್ಲ, ಹಾಸ್ಟೆಲಿಗೆ ಸೇರುವಾಗ ತಾನೂ ತಂದೆಯೂ ಸಹಿ ಹಾಕಿಕೊಟ್ಟ ಮುಚ್ಚಳಿಕೆ ಪತ್ರ. ಅದರಲ್ಲಿ ಮದ್ಯಪಾನ ಮಾಡಿದರೆ, ಅನುಮತಿಯಿಲ್ಲದೆ ರಾತ್ರಿ ಹೊರಗುಳಿದರೆ ನೋಟಿಸ್ ಕೊಡದೆಯೇ ಹೊರಹಾಕಲಾಗುವುದು ಎಂದು ಇರುತ್ತದೆ. ತಾನು ಬಾಯಿ ಬಿಟ್ಟರೆ ಹಾಸ್ಟೆಲ್ ಹೋಗುತ್ತದೆ, ಹಾಸ್ಟೆಲ್ ಹೋದರೆ ಓದು ನಿಲ್ಲುತ್ತದೆ, ಕಾರಣ ಊರಿಗೆ ತಿಳಿದರೆ ಮನೆಯವರು ಬಂದು ಕರೆದುಕೊಂಡು ಹೋಗುತ್ತಾರೆ ಎಂಬುದು ಆಕೆಗೆ ಸ್ಪಷ್ಟವಾಗಿ ಗೊತ್ತಿರುತ್ತದೆ. ಹೊಸನಗರದ ಹಿನ್ನೀರಿನ ಆಚೆಗಿನ ಹಳ್ಳಿಯಿಂದಲೋ ಶೃಂಗೇರಿಯ ಗುಡ್ಡಗಳಿಂದಲೋ ಬಂದು, ಮನೆತನದಲ್ಲಿ ಪದವಿಯ ಮೆಟ್ಟಿಲು ಹತ್ತಿದ ಮೊದಲ ಹೆಣ್ಣುಮಗಳಾದ ಆಕೆಗೆ ಈ ಭಯ ಕಲ್ಪನೆಯದಲ್ಲ.

ಇನ್ನೊಬ್ಬನಿಗೂ ಇದೆಲ್ಲ ಅಷ್ಟೇ ಚೆನ್ನಾಗಿ ಗೊತ್ತಿರುತ್ತದೆ. "ನೀನೂ ಕುಡಿದಿದ್ದೆ ಅಲ್ವಾ, ಹೋಗಿ ಹೇಳು ನೋಡೋಣ" ಎಂಬ ಒಂದು ಸಾಲಿನ ಮೆಸೇಜು ಸಾಕು. ವಿದ್ಯಾರ್ಥಿಗಳ ಒಳಿತಿಗೆಂದು ನಾವು ಮಾಡಿಟ್ಟ ನಿಯಮ ದೌರ್ಜನ್ಯ ಎಸಗಿದವನ ಕೈಯ ಆಯುಧವಾಗುವುದು ಹೀಗೆ. ಈ ಆಯುಧವನ್ನು ಅವನ ಕೈಯಿಂದ ಕಿತ್ತುಕೊಳ್ಳುವ ಅಧಿಕಾರ ಪೊಲೀಸರಿಗಿಲ್ಲ. ನಿಯಮ ಮಾಡಿದ ನಿಮಗೆ ಇದೆ.

ಭಯ ಮೀರಿ ಬಂದವರ ಪಾಡನ್ನೂ ಹೇಳಬೇಕು. ವಿಚಾರಣೆಯ ಕೋಣೆಯಲ್ಲಿ ಉದ್ದನೆಯ ಮೇಜಿನ ಒಂದು ಬದಿಗೆ ನಾವೆಲ್ಲ ಕೂತಿರುತ್ತೇವೆ, ಎದುರು ಬದಿಗೆ ಒಂದೇ ಕುರ್ಚಿ. ಆಕೆ ಕೂತು ನೀರು ಕುಡಿಯುವ ಮೊದಲೇ ಕೇಳಿಬರುವ ಪ್ರಶ್ನೆ "ನೀನು ಅಲ್ಲಿಗೆ ಯಾಕೆ ಹೋಗಿದ್ದೆ?" ಎಂಬುದು, ಎರಡನೆಯದು "ನೀನು ಎಷ್ಟು ತಗೊಂಡಿದ್ದೆ?" ಎಂಬುದು. ಕೇಳುವವರು ಕೆಟ್ಟವರಲ್ಲ. ಅವರಲ್ಲಿ ಹಲವರು ಹೆಣ್ಣುಮಕ್ಕಳ ತಂದೆತಾಯಿಗಳು, ತಮ್ಮ ಮಗಳಿಗೆ ಬುದ್ಧಿ ಹೇಳುವ ಧಾಟಿಯಲ್ಲೇ ಕೇಳುತ್ತಾರೆ. ಆದರೆ ಆ ಎರಡು ಪ್ರಶ್ನೆಗಳ ನಂತರ ಆಕೆ ದೂರುದಾರಳಾಗಿ ಉಳಿದಿರುವುದಿಲ್ಲ, ತಪ್ಪೊಪ್ಪಿಕೊಳ್ಳಲು ಕರೆಸಿದವಳಂತೆ ಆಗಿಬಿಟ್ಟಿರುತ್ತಾಳೆ.

ಕಾನೂನು ಈ ಪ್ರಶ್ನೆಗಳನ್ನು ಬೇರೆಯೇ ದಿಕ್ಕಿನಿಂದ ನೋಡುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 63ನೇ ಸೆಕ್ಷನ್ ಪ್ರಕಾರ, ಮತ್ತಿನ ಕಾರಣದಿಂದ ತಾನು ಯಾವುದಕ್ಕೆ ಒಪ್ಪುತ್ತಿದ್ದೇನೆ, ಅದರ ಪರಿಣಾಮವೇನು ಎಂದು ಅರಿಯಲಾಗದ ಸ್ಥಿತಿಯಲ್ಲಿರುವ ಮಹಿಳೆಯ ಒಪ್ಪಿಗೆ ಒಪ್ಪಿಗೆಯೇ ಅಲ್ಲ. ಸಮ್ಮತಿ ಎಂದರೆ ಮಾತಿನಿಂದಲೋ ಸನ್ನೆಯಿಂದಲೋ ಆಕೆ ಸ್ವಇಚ್ಛೆಯಿಂದ, ಅನುಮಾನಕ್ಕೆ ಎಡೆಯಿಲ್ಲದಂತೆ ತಿಳಿಸಿದ್ದು ಎಂದು ಅದೇ ಸೆಕ್ಷನ್ನಿನ ವಿವರಣೆ ಹೇಳುತ್ತದೆ. ಆಕೆ ಮೈಬಲದಿಂದ ಎದುರಿಸಲಿಲ್ಲ ಎಂಬುದನ್ನೇ ಸಮ್ಮತಿಯೆಂದು ತಿಳಿಯಬಾರದು ಎಂದೂ ಸೇರಿಸುತ್ತದೆ. ಇನ್ನು ಅವನು ಕುಡಿದಿದ್ದ ಎಂಬ ಸಮಜಾಯಿಷಿಯ ವಿಷಯ. ತಾನಾಗಿ ಕುಡಿದು ಅಪರಾಧ ಮಾಡಿದವನಿಗೆ, ಕುಡಿಯದಿದ್ದಾಗ ಇರುತ್ತಿದ್ದ ತಿಳಿವಳಿಕೆಯೇ ಇತ್ತೆಂದು ಭಾವಿಸಿ ವ್ಯವಹರಿಸಬೇಕು ಎಂಬುದು 24ನೇ ಸೆಕ್ಷನ್. ಅಂದರೆ ಕಾನೂನಿನ ಕಣ್ಣಿನಲ್ಲಿ ಆಕೆಯ ಅಮಲು ಆಕೆಗೆ ರಕ್ಷಣೆ, ಅವನ ಅಮಲು ಅವನಿಗೆ ವಿನಾಯಿತಿಯಲ್ಲ. ನಮ್ಮ ಕಾಲೇಜುಗಳ ಮಾತುಕತೆಯಲ್ಲಿ ಇದು ತಲೆಕೆಳಗಾಗಿ, "ಹುಡುಗ ಅಮಲಿನಲ್ಲಿದ್ದ, ಪಾಪ, ಹುಡುಗಿ ಕುಡಿದಿದ್ದಳಂತೆ, ಛೆ" ಎಂದಾಗುತ್ತದೆ.

ಸಮಿತಿಯ ಸದಸ್ಯರಿಗೆ ತರಬೇತಿ ಕೊಡುವಾಗ ಒಂದು ವೈದ್ಯಕೀಯ ವಿಷಯವನ್ನು ತಪ್ಪದೆ ಹೇಳಿಕೊಡಬೇಕು, ಏಕೆಂದರೆ ಹಲವು ದೂರುಗಳು ಅಲ್ಲಿಯೇ ಬಿದ್ದುಹೋಗುತ್ತವೆ. ರಕ್ತದಲ್ಲಿ ಮದ್ಯದ ಪ್ರಮಾಣ ವೇಗವಾಗಿ ಏರಿದಾಗ ಮಿದುಳಿನ ಹಿಪೊಕ್ಯಾಂಪಸ್ ಎಂಬ ಭಾಗ ಹೊಸ ನೆನಪುಗಳನ್ನು ದಾಖಲಿಸುವುದನ್ನು ನಿಲ್ಲಿಸುತ್ತದೆ. ಆ ಹೊತ್ತಿನಲ್ಲಿ ವ್ಯಕ್ತಿ ಪ್ರಜ್ಞೆ ತಪ್ಪಿ ಬಿದ್ದಿರಬೇಕೆಂದಿಲ್ಲ. ನಡೆಯಬಹುದು, ನಗಬಹುದು, ಕೇಳಿದ್ದಕ್ಕೆ ಉತ್ತರವನ್ನೂ ಕೊಡಬಹುದು. ಮರುದಿನ ಅದರಲ್ಲಿ ಒಂದಿಷ್ಟು ಚೂರುಗಳು ನೆನಪಿರುತ್ತವೆ, ಕೆಲವೊಮ್ಮೆ ಏನೂ ಇರುವುದಿಲ್ಲ. ಹೆಣ್ಣುಮಕ್ಕಳ ದೇಹದಲ್ಲಿ ನೀರಿನ ಅಂಶ ಕಡಿಮೆಯಿರುವುದರಿಂದ ಗಂಡಸರಷ್ಟೇ ಕುಡಿದರೂ ಅವರ ರಕ್ತದಲ್ಲಿ ಮದ್ಯದ ಪ್ರಮಾಣ ಹೆಚ್ಚಿಗೆ ಏರುತ್ತದೆ. ಇದನ್ನು ತಿಳಿಯದ ಸಮಿತಿ ಏನು ಮಾಡುತ್ತದೆ? ಆಕೆ ಮೆಟ್ಟಿಲು ಹತ್ತಿ ತಾನೇ ಕೋಣೆಗೆ ಹೋದಳು ಎಂದು ಸಾಕ್ಷಿ ಹೇಳಿದರೆ "ಎಚ್ಚರವಿತ್ತು" ಎಂದು ಬರೆದುಕೊಳ್ಳುತ್ತದೆ. ಒಂಬತ್ತು ಗಂಟೆಯದು ನೆನಪಿದೆ, ಹನ್ನೊಂದರದು ನೆನಪಿಲ್ಲ, ಮತ್ತೆ ಬಾಗಿಲ ಚಿಲಕ ಹಾಕಿದ ಸದ್ದು ನೆನಪಿದೆ ಎಂದರೆ "ಹೇಳಿಕೆಯಲ್ಲಿ ಹೊಂದಾಣಿಕೆಯಿಲ್ಲ" ಎಂದು ಷರಾ ಬರೆಯುತ್ತದೆ. ವಾಸ್ತವದಲ್ಲಿ ಹಾಗೆ ತುಂಡುತುಂಡಾಗಿ ನೆನಪಿರುವುದೇ ಆಕೆಯ ಸ್ಥಿತಿ ಏನಾಗಿತ್ತು ಎಂಬುದಕ್ಕೆ ಸೂಚನೆಯಾಗಿರಬಹುದು. ಸಮಿತಿ ಆಕೆಯನ್ನು ಕಣ್ಣುಮುಚ್ಚಿ ನಂಬಬೇಕೆಂದು ನಾನು ಹೇಳುತ್ತಿಲ್ಲ. ಆರೋಪಿತನ ಮಾತನ್ನೂ ಪೂರ್ತಿಯಾಗಿ, ನ್ಯಾಯವಾಗಿ ಕೇಳಬೇಕು. ಆದರೆ ಬಾಟಲಿಯಲ್ಲಿ ಬೆರೆಸಿದ್ದು ಯಾರು, ಲೋಟಕ್ಕೆ ಮತ್ತೆ ಮತ್ತೆ ಸುರಿದದ್ದು ಯಾರು, ಕೋಣೆಗೆ ಬಿಟ್ಟುಬರುತ್ತೇನೆಂದು ಎದ್ದದ್ದು ಯಾರು, ಉಳಿದವರನ್ನು ಹೊರಗೆ ಕಳಿಸಿದ್ದು ಯಾರು ಎಂದು ಕೇಳುವುದು ಬಿಟ್ಟು, ಆಕೆ ಎಷ್ಟು ಕುಡಿದಳೆಂಬುದನ್ನೇ ಹಿಡಿದು ಕೂರುವುದು ವಿಚಾರಣೆಯೇ ಅಲ್ಲ.

2019ರಿಂದ 2021ರ ಅವಧಿಯ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ 15 ವರ್ಷ ಮೇಲ್ಪಟ್ಟ ಗಂಡಸರಲ್ಲಿ ಸುಮಾರು ಶೇ. 19ರಷ್ಟು ಮಂದಿ ಮದ್ಯ ಸೇವಿಸುತ್ತಾರೆ. ಹೆಂಗಸರಲ್ಲಿ ಅದು ಶೇ. 1ಕ್ಕಿಂತ ತುಸು ಹೆಚ್ಚು. ಕುಡಿಯುವವರಲ್ಲಿ ಗಂಡಸರೇ ಇಷ್ಟೊಂದು ಹೆಚ್ಚಿರುವಾಗ, ಕುಡಿತದ ಪ್ರಶ್ನೆಯನ್ನು ಮೊದಲು ಹೆಣ್ಣುಮಗಳ ಮುಂದಿಡುವ ನಮ್ಮ ಅಭ್ಯಾಸ ಎಲ್ಲಿಂದ ಬಂತೆಂದು ನಾವೇ ಕೇಳಿಕೊಳ್ಳಬೇಕು.

ಭಯದಿಂದ ಆಗುವ ವಿಳಂಬಕ್ಕೆ ತೆರಬೇಕಾದ ಬೆಲೆ ದೊಡ್ಡದು. ಆರೋಗ್ಯ ಸಚಿವಾಲಯದ 2014ರ ಮಾರ್ಗಸೂಚಿಯಂತೆ ದೇಹದ ಮೇಲಿನ ಸಾಕ್ಷ್ಯವನ್ನು 96 ಗಂಟೆಗಳೊಳಗೆ ಸಂಗ್ರಹಿಸಬೇಕು. ಎಚ್‌ಐವಿ ತಡೆಯುವ ಔಷಧಿಯನ್ನು 72 ಗಂಟೆಗಳೊಳಗೆ ಆರಂಭಿಸಬೇಕು, ಗರ್ಭ ನಿಲ್ಲದಂತೆ ಕೊಡುವ ಮಾತ್ರೆ ಎಷ್ಟು ಬೇಗ ಕೊಟ್ಟರೆ ಅಷ್ಟು ಪರಿಣಾಮಕಾರಿ. ರಕ್ತದಲ್ಲಿನ ಮದ್ಯವಂತೂ ಒಂದು ದಿನ ಕಾಯುವುದಿಲ್ಲ. ಆಕೆಗೆ ಗೊತ್ತಿಲ್ಲದೆ ಏನನ್ನಾದರೂ ಕುಡಿಸಿದ್ದರೆ ಅದನ್ನು ಸಾಬೀತುಪಡಿಸುವ ಅವಕಾಶ, ಆಕೆ ಹಾಸ್ಟೆಲಿನ ಮಂಚದ ಮೇಲೆ ಗೋಡೆಯ ಕಡೆ ಮುಖಮಾಡಿ ಮಲಗಿ ಯಾರಿಗೆ ಹೇಳಲಿ ಎಂದು ಯೋಚಿಸುತ್ತಿರುವಾಗಲೇ ಕಳೆದುಹೋಗಿರುತ್ತದೆ. ಸರ್ಕಾರಿಯಾಗಲಿ ಖಾಸಗಿಯಾಗಲಿ ಎಲ್ಲ ಆಸ್ಪತ್ರೆಗಳೂ ಆಕೆಗೆ ತಕ್ಷಣ ಉಚಿತ ಚಿಕಿತ್ಸೆ ಕೊಡಬೇಕೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 397ನೇ ಸೆಕ್ಷನ್ ಹೇಳುತ್ತದೆ. ಮೊದಲು ಎಫ್‌ಐಆರ್ ತನ್ನಿ ಎಂದು ಯಾರೂ ಹಿಂದಕ್ಕೆ ಕಳಿಸುವಂತಿಲ್ಲ. ಘಟನೆ ನಡೆದ ಜಾಗ ಬೇರೆ ತಾಲ್ಲೂಕಿನದಾದರೂ ಯಾವ ಠಾಣೆಯಲ್ಲಾದರೂ ಝೀರೊ ಎಫ್‌ಐಆರ್ ದಾಖಲಿಸಬಹುದು. ಆಕೆಗೆ ಮೊದಲೇ ಲೈಂಗಿಕ ಸಂಪರ್ಕವಿತ್ತೇ ಎಂದು ನೋಡುವ ಹೆಸರಿನಲ್ಲಿ ನಡೆಸುವ ಎರಡು ಬೆರಳಿನ ಪರೀಕ್ಷೆ ಮಾಡಕೂಡದೆಂದು ಸುಪ್ರೀಂ ಕೋರ್ಟ್ 2022ರ ಅಕ್ಟೋಬರ್‌ನಲ್ಲಿ ಮತ್ತೊಮ್ಮೆ ಖಡಾಖಂಡಿತವಾಗಿ ಹೇಳಿದೆ. ಇಷ್ಟೆಲ್ಲ ಹಕ್ಕುಗಳಿದ್ದೂ ಆಕೆ ಅವುಗಳ ಬಾಗಿಲವರೆಗೆ ಬರದಂತೆ ತಡೆಯುವುದು ಒಂದು ಮುಚ್ಚಳಿಕೆ ಪತ್ರವೆಂದರೆ ಅದನ್ನು ತಿದ್ದಲೇಬೇಕು.

ನಾನು ಕೇಳುತ್ತಿರುವುದು ಎಲ್ಲಿಯೂ ಇಲ್ಲದ ವ್ಯವಸ್ಥೆಯಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 2014ರಲ್ಲಿ ತಂದ ಕಾನೂನು, ಲೈಂಗಿಕ ದೌರ್ಜನ್ಯದ ದೂರುದಾರರು ಮತ್ತು ಸಾಕ್ಷಿಗಳ ಮೇಲೆ ಆ ಹೊತ್ತಿನ ನಿಯಮ ಉಲ್ಲಂಘನೆಗಾಗಿ, ತೀರಾ ಗಂಭೀರವಾದುದರ ಹೊರತು, ಶಿಸ್ತುಕ್ರಮ ಕೈಗೊಳ್ಳದಿರುವ ನೀತಿಯನ್ನು ಕಾಲೇಜುಗಳು ಹೊಂದಿರಬೇಕೆಂದು ವಿಧಿಸಿತು. ಅದಕ್ಕೂ ಮೊದಲೇ, 2002ರಲ್ಲಿ, ಕಾರ್ನೆಲ್ ವಿಶ್ವವಿದ್ಯಾಲಯ ವಿಪರೀತ ಕುಡಿದು ಅಪಾಯದಲ್ಲಿರುವ ಸಹಪಾಠಿಗಾಗಿ ಆಂಬುಲೆನ್ಸ್ ಕರೆಸಿದವರಿಗೆ ಶಿಕ್ಷೆಯಿಲ್ಲ ಎಂಬ ನಿಯಮ ತಂದಿತ್ತು. ಅದಾದ ಮೇಲೆ ನೆರವು ಕೋರಿ ಬರುವ ಕರೆಗಳು ಹೆಚ್ಚಿದವು, ಸಿಕ್ಕಿಬೀಳುತ್ತೇವೆಂದು ಕರೆ ಮಾಡದೆ ಉಳಿಯುವವರು ಕಡಿಮೆಯಾದರು.

"ಹಾಗೆ ಬರೆದುಕೊಟ್ಟರೆ ಕುಡಿಯಲು ಪರವಾನಗಿ ಕೊಟ್ಟಂತಾಗುವುದಿಲ್ಲವೇ?" ಎಂದು ಪ್ರಾಂಶುಪಾಲರೊಬ್ಬರು ನನ್ನನ್ನು ನೇರವಾಗಿಯೇ ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಮದ್ಯಪಾನದ ಮೇಲಿನ ನಿಷೇಧ ಹಾಗೆಯೇ ಇರಲಿ, ಕುಡಿದು ಗಲಾಟೆ ಮಾಡಿದವರಿಗೆ ಶಿಕ್ಷೆಯೂ ಆಗಲಿ. ಮದ್ಯ ಮನೆಗಳನ್ನು ಹಾಳುಮಾಡುವುದನ್ನು ನಾನು ಹತ್ತಿರದಿಂದ ಕಂಡವಳು, ಅದರ ಪರವಾಗಿ ಒಂದು ಮಾತನ್ನೂ ಆಡಲಾರೆ. ಆದರೆ ಲೈಂಗಿಕ ದೌರ್ಜನ್ಯದ ದೂರು ಕೊಟ್ಟು ಕುಡಿತದ ಶಿಕ್ಷೆಯಿಂದ ತಪ್ಪಿಸಿಕೊಳ್ಳುತ್ತೇನೆ ಎಂದು ಲೆಕ್ಕ ಹಾಕುವ ಹುಡುಗಿ ಮಲೆನಾಡಿನಲ್ಲಿ ಎಲ್ಲಿದ್ದಾಳೆ? ಕುಡಿದದ್ದಕ್ಕೆ ಹತ್ತು ದಿನ ಹಾಸ್ಟೆಲಿನಿಂದ ಹೊರಗಿರುವುದಕ್ಕಿಂತ ಅಂಥ ದೂರು ಕೊಡುವುದು ನೂರು ಪಾಲು ಕಷ್ಟವೆಂದು ಇಲ್ಲಿ ಹುಟ್ಟಿ ಬೆಳೆದ ಯಾರಿಗಾದರೂ ಗೊತ್ತು.

ಕಾನೂನನ್ನು ಮುರಿದು ಮದ್ಯ ಮಾರಿದವರನ್ನು ನಾವು ಕೇಳುತ್ತಿದ್ದೇವೆಯೇ ಎಂಬುದನ್ನೂ ಇಲ್ಲಿ ಎತ್ತಬೇಕು. ರಾಜ್ಯದ 1967ರ ಅಬಕಾರಿ ಸನ್ನದುಗಳ ಸಾಮಾನ್ಯ ಷರತ್ತುಗಳ ನಿಯಮಗಳಂತೆ 21 ವರ್ಷ ತುಂಬದವರಿಗೆ ಮದ್ಯ ಮಾರುವಂತಿಲ್ಲ, ಶಿಕ್ಷಣ ಸಂಸ್ಥೆಯಿಂದ 100 ಮೀಟರ್ ಒಳಗೆ ಅಂಗಡಿ ಇರುವಂತಿಲ್ಲ. ಪದವಿ ಓದುವ ಬಹುತೇಕ ವಿದ್ಯಾರ್ಥಿಗಳು 21ರ ಒಳಗಿನವರು. ಆದರೂ ಹಳ್ಳಿಯ ಕಿರಾಣಿ ಅಂಗಡಿಯ ಹಿಂಬದಿಯಲ್ಲಿ 90 ಎಂಎಲ್ ಟೆಟ್ರಾ ಪ್ಯಾಕು ಯಾರಿಗೆ ಬೇಕಾದರೂ ಸಿಗುತ್ತದೆ, ಬಾಲಕರ ಹಾಸ್ಟೆಲುಗಳ ಕಾಂಪೌಂಡಿನ ಹೊರಗೆ ಅದರ ಖಾಲಿ ಪೊಟ್ಟಣಗಳನ್ನು ಯಾರು ಬೇಕಾದರೂ ನೋಡಬಹುದು. ವಿದ್ಯಾರ್ಥಿಗಳ ಗುಂಪುಗಳಿಗೆ ರಾತ್ರಿ ಬಾಡಿಗೆಗೆ ಕೊಡುವ ಹೋಮ್‌ಸ್ಟೇಗಳ ಮಾಲೀಕರನ್ನು ಜಿಲ್ಲಾಡಳಿತ ಒಮ್ಮೆ ಕರೆಸಿ ಮಾತಾಡಬೇಕು. ಸಿಗ್ನಲ್ ಇಲ್ಲದ ಕಡೆ ಒಂದು ಲ್ಯಾಂಡ್‌ಲೈನ್ ಅಥವಾ ವೈಫೈ ಕರೆಯ ವ್ಯವಸ್ಥೆ, ಒಳಗಿನಿಂದ ಭದ್ರವಾಗಿ ಹಾಕಬಹುದಾದ ಚಿಲಕ, ರಾತ್ರಿ ಮನೆಯಲ್ಲಿ ಇರುವ ಒಬ್ಬ ಜವಾಬ್ದಾರಿಯುತ ಹೆಂಗಸು, ಇಷ್ಟನ್ನು ಕೇಳುವುದು ಅತಿಯಾಗದು.

ಇಂಥ ಪ್ರಸಂಗ ನಡೆದೊಡನೆ ಕಾಲೇಜುಗಳು ಮಾಡುವ ಮೊದಲ ಕೆಲಸ ಹೆಣ್ಣುಮಕ್ಕಳ ಹಾಸ್ಟೆಲಿನ ಗೇಟನ್ನು ಮೊದಲಿಗಿಂತಲೂ ಬೇಗ ಮುಚ್ಚಿ, ಸಂಜೆ ಆರಕ್ಕೇ ಬೀಗ ಹಾಕುವುದು. ಕಾಲೇಜುಗಳಲ್ಲಿ ಲೈಂಗಿಕ ಕಿರುಕುಳ ತಡೆಯಲೆಂದು ವಿಶ್ವವಿದ್ಯಾಲಯ ಅನುದಾನ ಆಯೋಗ ತಂದ 2015ರ ನಿಯಮಾವಳಿ ಇದನ್ನು ಹೆಸರಿಟ್ಟೇ ನಿರಾಕರಿಸಿದೆ. ವಿದ್ಯಾರ್ಥಿನಿಯರ ಸುರಕ್ಷತೆಯ ನೆಪದಲ್ಲಿ, ಹುಡುಗರಿಗಿಲ್ಲದ ತಾರತಮ್ಯದ ನಿಯಮಗಳನ್ನು ಅವರ ಹಾಸ್ಟೆಲುಗಳ ಮೇಲೆ ಹೇರಬಾರದು; ಸುರಕ್ಷತೆಯ ಕ್ರಮಗಳು ಅತಿಯಾದ ಕಾವಲಾಗಿ ಅವರ ಓಡಾಟವನ್ನು ಮೊಟಕುಗೊಳಿಸಬಾರದು ಎಂದು ಅದು ಹೇಳುತ್ತದೆ. ಸಾಕಷ್ಟು ಬೆಳಕು, ನಂಬಬಹುದಾದ ಸಾರಿಗೆ, ಹೊತ್ತಿಗೆ ಸಿಗುವ ವೈದ್ಯಕೀಯ ನೆರವು ಒದಗಿಸಿ ಎಂದೂ ಅದೇ ನಿಯಮಾವಳಿ ತಿಳಿಸುತ್ತದೆ. ಸಾರಿಗೆಯ ಮಾತು ಬಂದಿದ್ದರಿಂದ ಹೇಳುತ್ತೇನೆ: ಕೊಪ್ಪದ ಸಹಕಾರ ಸಾರಿಗೆ ಎಂಬ ಬಸ್ ಸಂಸ್ಥೆ ನಿಂತ ಮೇಲೆ ಎಷ್ಟೋ ಊರುಗಳಿಗೆ ಸಂಜೆಯ ಬಸ್ಸು ಸಿಗುವುದು ಕಷ್ಟವಾಗಿದೆ, 2023ರಲ್ಲಿ ಬಂದ ಶಕ್ತಿ ಯೋಜನೆಯ ಉಚಿತ ಪ್ರಯಾಣ ಸರ್ಕಾರಿ ಬಸ್ಸು ಓಡದ ದಾರಿಗಳಲ್ಲಿ ಯಾರಿಗೂ ದಕ್ಕುವುದಿಲ್ಲ. ಕೊನೆಯ ಬಸ್ಸು ತಪ್ಪಿದ ಹುಡುಗಿ ಯಾರದೋ ಬೈಕು ಹತ್ತಲೇಬೇಕಾಗುತ್ತದೆ. ಗೇಟಿಗೆ ಬೀಗ ಹಾಕಿದ ಹಾಸ್ಟೆಲಿನಿಂದ ಹೊರಗುಳಿದವಳಿಗೆ ಬೆಳಗಾಗುವವರೆಗೆ ಆ ಹೋಮ್‌ಸ್ಟೇಯೇ ಗತಿ. ಬೀಗ ಆಕೆಯನ್ನು ಅಪಾಯದಿಂದ ಹೊರಗಿಡುವ ಬದಲು ಅಪಾಯದ ಕಡೆಯೇ ಉಳಿಸಿಬಿಡುತ್ತದೆ.

ದೂರು ಕೊಡುವ ಜಾಗ ಹೇಗಿದೆ ಎಂದು ಪ್ರತಿ ಕಾಲೇಜಿನ ಮುಖ್ಯಸ್ಥರೂ ಒಮ್ಮೆ ತಾವೇ ಎದ್ದು ಹೋಗಿ ನೋಡಬೇಕು. ನಾನು ಕಂಡ ಒಂದು ದೂರು ಪೆಟ್ಟಿಗೆ ಪ್ರಾಂಶುಪಾಲರ ಕೊಠಡಿಯ ಬಾಗಿಲಿನ ಎದುರಿಗೇ, ಸಿಸಿಟಿವಿ ಕ್ಯಾಮೆರಾದ ಕೆಳಗೇ ಇತ್ತು. ಮಳೆಗಾಲದ ಥಂಡಿಗೆ ಬೀಗ ತುಕ್ಕು ಹಿಡಿದು, ಕೀಲಿಕೈ ಯಾರ ಬಳಿಯಿದೆ ಎಂದು ಕಚೇರಿಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಗೋಡೆಯ ಫ್ಲೆಕ್ಸಿನಲ್ಲಿ ಸಮಿತಿಯ ಅಧ್ಯಕ್ಷೆಯೆಂದು ಇದ್ದ ಹೆಸರು ವರ್ಗವಾಗಿ ಹೋದವರದು. 2015ರ ನಿಯಮಾವಳಿಯಂತೆ ಸಮಿತಿಯ ಅಧ್ಯಕ್ಷೆ ಹಿರಿಯ ಮಹಿಳಾ ಅಧ್ಯಾಪಕರಾಗಿರಬೇಕು; ಸದಸ್ಯರಲ್ಲಿ ಅರ್ಧದಷ್ಟಾದರೂ ಮಹಿಳೆಯರಿರಬೇಕು; ಕುಲಪತಿ, ಕುಲಸಚಿವ, ಡೀನ್, ವಿಭಾಗದ ಮುಖ್ಯಸ್ಥರಂಥವರು ಅದರಲ್ಲಿ ಇರಬಾರದು; ವಿದ್ಯಾರ್ಥಿಗಳಿಗೆ ಸಂಬಂಧಿಸಿದ ದೂರಾದರೆ ಪಾರದರ್ಶಕವಾಗಿ ಚುನಾಯಿತರಾದ ಮೂವರು ವಿದ್ಯಾರ್ಥಿಗಳೂ ಇರಬೇಕು. ನಮ್ಮ ಬಹುತೇಕ ಕಾಲೇಜುಗಳಲ್ಲಿ ವಿದ್ಯಾರ್ಥಿ ಚುನಾವಣೆಯೇ ನಿಂತುಹೋಗಿ ದಶಕಗಳಾದವು, ಆದ್ದರಿಂದ ಹೇಳಿದ ಮಾತು ಕೇಳುವ ಮಕ್ಕಳ ಹೆಸರನ್ನು ಅಧ್ಯಾಪಕರೇ ಬರೆದುಕೊಡುತ್ತಾರೆ. ಘಟನೆ ನಡೆದ ಮೂರು ತಿಂಗಳೊಳಗೆ ದೂರು ಕೊಡಬೇಕು, ಸರಿಯಾದ ಕಾರಣವಿದ್ದರೆ ಇನ್ನೂ ಮೂರು ತಿಂಗಳು ವಿಸ್ತರಿಸಬಹುದು ಎಂಬುದು ಹೆಚ್ಚಿನ ವಿದ್ಯಾರ್ಥಿನಿಯರಿಗೆ ಗೊತ್ತೇ ಇಲ್ಲ. ಸೆಂಡ್‌ಆಫ್ ಮುಗಿಸಿ ಪರೀಕ್ಷೆ ಬರೆದು ಊರಿಗೆ ಹೋದವಳಿಗೆ ಆ ಅವಧಿ ರಜೆಯಲ್ಲಿಯೇ ಮುಗಿದಿರುತ್ತದೆ.

ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಮನೆಗೆ ಫೋನ್ ಮಾಡುವ ವಿಷಯ. ಹದಿನೆಂಟು ತುಂಬಿದ ವಿದ್ಯಾರ್ಥಿನಿ ದೂರು ಕೊಟ್ಟಾಗ, ಆಕೆಯನ್ನು ಕೇಳದೆ ತಂದೆಗೆ ಫೋನ್ ಮಾಡುವುದು ನಮ್ಮ ವಾರ್ಡನ್‌ಗಳಿಗೂ ಪ್ರಾಂಶುಪಾಲರಿಗೂ ಕರ್ತವ್ಯವೆಂದೇ ತೋರುತ್ತದೆ. ಆ ಒಂದು ಕರೆಯಿಂದ ಮಾತು ಕಾಲೇಜಿನ ಕೈಬಿಟ್ಟು ಊರಿನ ಕೈಗೆ ಹೋಗುತ್ತದೆ. ಎರಡೂ ಮನೆಯ ಹಿರಿಯರು ಸೇರುತ್ತಾರೆ, ಮರ್ಯಾದೆಯ ಪ್ರಶ್ನೆ ಬರುತ್ತದೆ, ದೇವಸ್ಥಾನಕ್ಕೆ ಹೋಗಿ ಆಣೆ ಮಾಡಿಸಿ ಮುಗಿಸಿಬಿಡೋಣ ಎನ್ನುವವರೂ ಇರುತ್ತಾರೆ. ರಾಜಿಗೆ ಕೂರಬೇಕೇ ಎಂಬುದನ್ನು ಕೇಳುವ ಹಕ್ಕು 2013ರ ಕಾಯ್ದೆಯಂತೆ ದೂರುದಾರಳಿಗೆ ಮಾತ್ರ ಇದೆ, ಹಣದ ಆಧಾರದ ಮೇಲೆ ರಾಜಿ ಮಾಡುವಂತಿಲ್ಲ. ಅತ್ಯಾಚಾರದಂಥ ಅಪರಾಧದಲ್ಲಂತೂ ರಾಜಿ ಮಾಡಿಸಲು ಯಾವ ಕಾಲೇಜಿಗೂ ಯಾವ ಪಂಚಾಯಿತಿಗೂ ಅಧಿಕಾರವಿಲ್ಲ. ಪಿಯುಸಿ ಓದುವ, ಹದಿನೆಂಟು ತುಂಬದ ಮಕ್ಕಳ ವಿಷಯ ಬೇರೆ: ಅಲ್ಲಿ ಪೋಕ್ಸೊ ಕಾಯ್ದೆಯಂತೆ ತಿಳಿದವರೆಲ್ಲರೂ ಪೊಲೀಸರಿಗೆ ವರದಿ ಮಾಡಲೇಬೇಕು, ಗುಟ್ಟಾಗಿಡುತ್ತೇವೆಂದು ಆ ಮಕ್ಕಳಿಗೆ ಸುಳ್ಳು ಭರವಸೆ ಕೊಡಬಾರದು.

ಈ ಪತ್ರವನ್ನು ಓದುತ್ತಿರುವ ತಂದೆತಾಯಿಗಳಲ್ಲಿಯೂ ಒಂದು ಮಾತು. ಮಗಳನ್ನು ಹಾಸ್ಟೆಲಿಗೆ ಬಿಟ್ಟುಬರುವ ದಿನ, ಏನೇ ಆದರೂ ಮೊದಲು ನಮಗೆ ಹೇಳು, ಓದು ಬಿಡಿಸುವುದಿಲ್ಲ ಎಂದು ಆಕೆಯ ಎದುರಿಗೆ ಕೂತು ಹೇಳಿ. ಮಗನಿಗೂ ಅದೇ ದಿನ, ಅಮಲಿನಲ್ಲಿರುವ ಹುಡುಗಿಯನ್ನು ಮುಟ್ಟುವುದು ಅಪರಾಧವೆಂದು ಸ್ಪಷ್ಟವಾದ ಮಾತಿನಲ್ಲಿ ತಿಳಿಸಿ. ಗಂಡುಮಕ್ಕಳ ಹಾಸ್ಟೆಲುಗಳಲ್ಲಿ ರ‍್ಯಾಗಿಂಗ್ ಹೆಸರಿನಲ್ಲಿ ಬಲವಂತವಾಗಿ ಕುಡಿಸಿ, ಬಟ್ಟೆ ಬಿಚ್ಚಿಸಿ, ವಿಡಿಯೊ ಮಾಡಿಕೊಳ್ಳುವುದೂ ಲೈಂಗಿಕ ದೌರ್ಜನ್ಯವೇ. 2015ರ ನಿಯಮಾವಳಿ ಹುಡುಗರನ್ನೂ ಲೈಂಗಿಕ ಅಲ್ಪಸಂಖ್ಯಾತರನ್ನೂ ಒಳಗೊಂಡಿದೆ, ರ‍್ಯಾಗಿಂಗ್ ವಿರುದ್ಧದ ರಾಷ್ಟ್ರೀಯ ಸಹಾಯವಾಣಿ 1800-180-5522 ಹಗಲು ರಾತ್ರಿ ತೆರೆದಿರುತ್ತದೆ. ಕುಡಿಸಲ್ಪಟ್ಟ ಆ ಹುಡುಗನೂ ಅದೇ ಮುಚ್ಚಳಿಕೆಗೆ ಹೆದರಿ ಸುಮ್ಮನಿರುತ್ತಾನೆ.

ನಾನು ಕೋರುವ ಆದೇಶದ ಕರಡನ್ನು ಕೆಳಗೆ ಕೊಟ್ಟಿದ್ದೇನೆ. ಕಾನೂನು ಸಲಹೆಗಾರರಿಗೆ ತೋರಿಸಿ ತಿದ್ದಬಹುದು, ಆದರೆ ವಿದ್ಯಾರ್ಥಿಗಳಿಗೆ ಅರ್ಥವಾಗುವ ಕನ್ನಡದಲ್ಲಿಯೇ ಉಳಿಸಿಕೊಳ್ಳಿ.

"ಲೈಂಗಿಕ ಕಿರುಕುಳ ಅಥವಾ ದೌರ್ಜನ್ಯದ ಬಗ್ಗೆ ದೂರು ಕೊಡುವ, ಸಾಕ್ಷಿ ಹೇಳುವ, ಅಥವಾ ಅಪಾಯದಲ್ಲಿರುವವರಿಗೆ ನೆರವು ಕೋರಿ ಕರೆ ಮಾಡುವ ಯಾವ ವಿದ್ಯಾರ್ಥಿಯ ಮೇಲೂ, ಆ ಸಂದರ್ಭದಲ್ಲಿ ಮದ್ಯ ಸೇವಿಸಿದ್ದರು, ಹಾಸ್ಟೆಲಿನ ಸಮಯ ಮೀರಿದ್ದರು ಅಥವಾ ಅನುಮತಿಯಿಲ್ಲದೆ ಹೊರಗಿದ್ದರು ಎಂಬ ಕಾರಣಕ್ಕೆ ಈ ಸಂಸ್ಥೆ ಶಿಸ್ತುಕ್ರಮ ಕೈಗೊಳ್ಳುವುದಿಲ್ಲ, ಹಾಸ್ಟೆಲಿನಿಂದ ಹೊರಹಾಕುವುದಿಲ್ಲ, ನಡತೆ ಪ್ರಮಾಣಪತ್ರದಲ್ಲಿ ನಮೂದಿಸುವುದಿಲ್ಲ. ಹದಿನೆಂಟು ವರ್ಷ ತುಂಬಿದ ದೂರುದಾರರ ಒಪ್ಪಿಗೆಯಿಲ್ಲದೆ ಮನೆಯವರಿಗೆ ತಿಳಿಸುವುದಿಲ್ಲ. ವೈದ್ಯಕೀಯ ನೆರವು ಬೇಕಿದ್ದರೆ ಯಾವ ಹೊತ್ತಿನಲ್ಲಾದರೂ ವಾಹನವನ್ನೂ ಜೊತೆಗೊಬ್ಬ ಮಹಿಳಾ ಸಿಬ್ಬಂದಿಯನ್ನೂ ಸಂಸ್ಥೆ ಒದಗಿಸುತ್ತದೆ. ಪೊಲೀಸರಿಗೆ ದೂರು ಕೊಡಲು ಇಚ್ಛಿಸಿದರೆ ಅದಕ್ಕೂ ನೆರವಾಗುತ್ತದೆ. ಈ ಆದೇಶ ದೌರ್ಜನ್ಯ ಎಸಗಿದವರಿಗೆ ಅನ್ವಯಿಸುವುದಿಲ್ಲ. ಮದ್ಯ ಸೇವಿಸಿದ್ದೆ ಎಂಬುದನ್ನು ಅವರ ಸಮರ್ಥನೆಯಾಗಿ ಸ್ವೀಕರಿಸುವುದಿಲ್ಲ."

ಮುಂದಿನ ಶೈಕ್ಷಣಿಕ ವರ್ಷದ ಪ್ರವೇಶ ಅರ್ಜಿಗಳೂ ಹಾಸ್ಟೆಲಿನ ಮುಚ್ಚಳಿಕೆ ಪತ್ರಗಳೂ ಅಚ್ಚಿಗೆ ಹೋಗುವ ಮೊದಲು ಈ ಆದೇಶ ಹೊರಬರಬೇಕೆಂದು ಕೋರುತ್ತೇನೆ. ಮುಚ್ಚಳಿಕೆಯಲ್ಲಿ ಮದ್ಯಪಾನದ ಷರತ್ತು ಇರುವ ಸಾಲಿನ ಕೆಳಗೇ, ಅದೇ ಗಾತ್ರದ ಅಕ್ಷರಗಳಲ್ಲಿ, ಇದನ್ನೂ ಅಚ್ಚು ಹಾಕಿಸಿ. ವಿಶ್ವವಿದ್ಯಾಲಯದಿಂದ ಸುತ್ತೋಲೆಯಾಗಿ ಬಂದರೆ ಸಂಯೋಜಿತ ಕಾಲೇಜುಗಳಿಗೆ ಹಿಂಜರಿಯಲು ಕಾರಣವಿರುವುದಿಲ್ಲ. ಸಮಿತಿಗಳ ಸದಸ್ಯರಿಗೆ ತರಬೇತಿ ಕೊಡಲು, ವಾರ್ಡನ್‌ಗಳ ಜೊತೆ ಕೂತು ಮಾತಾಡಲು ನಾನೂ ಈ ಕೆಲಸದಲ್ಲಿರುವ ನನ್ನ ಸಂಗಾತಿಗಳೂ ಸ್ವಂತ ಖರ್ಚಿನಲ್ಲಿ ಬರಲು ಸಿದ್ಧರಿದ್ದೇವೆ. ನಿಮ್ಮ ಉತ್ತರ ಒಪ್ಪಿಗೆಯಾಗಿರಲಿ ಆಕ್ಷೇಪವಾಗಿರಲಿ, ಅದನ್ನು ಬಹಿರಂಗವಾಗಿಯೇ ಕೊಡಿ. ಅದನ್ನು ಓದಬೇಕಾದವರು ನಿಮ್ಮ ವಿದ್ಯಾರ್ಥಿಗಳು.

ಇತಿ ತಮ್ಮ ವಿಶ್ವಾಸಿ,
ಮಲೆನಾಡಿನ ಕಾಲೇಜೊಂದರ ಆಂತರಿಕ ದೂರು ಸಮಿತಿಯ ಸದಸ್ಯೆ
ಶಿವಮೊಗ್ಗ